ರಾಜದಾನಿ ದರ್ಶನ, ತಲೆಗೆ ಅರವತ್ತು

ಬೋರ್ಡು ಬರೆದವನು ಪೇಂಟರ್ ಇಲಿಯಾಸು:
'ಗಂಗರ ರಾಜದಾನಿ ಸಂಜೆ ದರ್ಶನ.
ತಲೆಗೆ ಅರವತ್ತು, ಟೀ ಸೇರಿ.'
ದಾ-ಕ್ಕೆ ಹೊಟ್ಟೆ ಸೀಳಿಲ್ಲವಲ್ಲೋ ಅಂದೆ.
ಬ್ರಷ್ಷು ಒರೆಸುತ್ತ ಹೇಳಿದ,
ಬೋಣಿ ಹೊತ್ತು, ಯಾರ ಹೊಟ್ಟೆಯೂ ಸೀಳಬಾರದು.
ಹಾಗೇ ಉಳಿಯಿತು ಆಟೋದ ಬೆನ್ನ ಮೇಲೆ.

ರಾಜಧಾನಿ ಎಲ್ಲಿ ಅಂದರೆ ಕೋಲಾರದಲ್ಲಿ ಎಲ್ಲರೂ
ಪಡುವಲಿಗೆ ಕೈ ಚಾಚುತ್ತಾರೆ, ಹೈವೇ ಕಡೆಗೆ.
ನಾನು ಬೆರಳು ಕೆಳಗಿಳಿಸಿ ನೆಲ ತೋರಿಸುತ್ತೇನೆ.
ಇದೇ ಕಣ್ರೀ, ಕುವಲಾಲ.
ಆಗ ಬೆಂಗಳೂರು ಯಾರ ಹೊಲದಲ್ಲಿ ಮಲಗಿತ್ತೋ.
ಇದನ್ನೆಲ್ಲ ನನಗೆ ಕಲಿಸಿದ್ದು ಲೈಬ್ರರಿಯ ಜವಾನ ಮುನಿಶಾಮಿ.
ಒಂದು ಟೀಗೆ ಒಂದು ಶತಮಾನ ಹೇಳುತ್ತಾನೆ,
ಬೋಂಡ ಸೇರಿಸಿದರೆ ಎರಡು.

ಆರಕ್ಕೆ ಕ್ಲಾಕ್ ಟವರ್ ಬಿಟ್ಟರೆ ಮೊದಲು ಕೋಲಾರಮ್ಮ.
ಚೇಳಮ್ಮನ ಹುಂಡಿಗೆ, ನೆಲದ ಬಾಯಿಗೆ, ಕಾಸು ಹಾಕಿಸುತ್ತೇನೆ.
ಎಷ್ಟು ಆಳ ಮಾಮಾ, ಮಕ್ಕಳು ಕೇಳುತ್ತವೆ.
ಹಾಕಿ, ಕಿವಿಗೊಡಿ, ನನಗೂ ಹೇಳಿ.
ಆಮೇಲೆ ಸೋಮೇಶ್ವರ. ಆಮೇಲೆ ಮಕ್ಬರಾ, ಹೊರಗಿಂದ.
ಅಂತರಗಂಗೆಯ ಮೆಟ್ಟಿಲು ಹತ್ತಿಸುವುದಿಲ್ಲ,
ಸಂಜೆಯಾದರೆ ಅಲ್ಲಿ ಕೋತಿಗಳದ್ದೇ ಸರ್ಕಾರ.
ಬಸವನ ಬಾಯಿಯ ನೀರು ಬೇಕೆಂದವರಿಗೆ
ಸೀಟಿನಡಿ ಬಾಟಲಿ ಇದೆ. ಬೆಳಗ್ಗೆ ಹಿಡಿದದ್ದು.

ಬೀದರಿನಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು
ಹತ್ತುವ ಮೊದಲೇ ಬೋರ್ಡಿನ ಮುಂದೆ ನಿಂತು ನಕ್ಕರು:
ರಾಜ ಸರಿ, ಇಲ್ಲಿ ದಾನಿ ಯಾರಪ್ಪ?
ಅರವತ್ತಕ್ಕೆ ಐವತ್ತೇ ಕೊಟ್ಟು ಇಳಿದುಹೋದರು.

ಹೋದ ಬುಧವಾರ ಯಾರೂ ಇಲ್ಲ.
ಆರೂವರೆ. ಏಳು ಆಗುತ್ತಾ ಬಂತು.
ಒಬ್ಬಳೇ ಹೆಂಗಸು, ಸೆರಗಿನ ಗಂಟು ಬಿಚ್ಚಿ
ಚಿಲ್ಲರೆ ಎಣಿಸಿ ನನ್ನ ಅಂಗೈಗೆ ಸುರಿದಳು.
ಬೆರಳ ಸಂದಿಯಲ್ಲಿ ಕೆಂಪು ಬೀಜ ಒಣಗಿತ್ತು.
ಗಂಗುಲಮ್ಮ. ಟೊಮೇಟೊ ಮಂಡಿಯಲ್ಲಿ
ಹಣ್ಣು ಆರಿಸುವ ಕೆಲಸ, ಇಪ್ಪತ್ತೆಂಟು ವರ್ಷ.
ಕತ್ತಲಲ್ಲಿ ಟೆಂಪೋ ಹತ್ತಿ ಬರೋದು, ಹತ್ತಿ ಹೋಗೋದು,
ಊರು ಅಂಬೋದು ನೋಡಿಲ್ಲಪ್ಪ, ತೋರ್ಸು.
ಇವತ್ತು ಟೆಂಪೋ ಎಂಟೂವರೆಗೆ.

ಗುಡಿಗಳಿಗೆ ಸುಮ್ಮನೆ ಕೈ ಮುಗಿದಳು.
ಕೆರೆ ಏರಿಯ ಹತ್ತಿರ ಬಂದಾಗ ಕೇಳಿದಳು:
ರಾಜ ಅಂದ್ಯಲ್ಲ. ಅರಮನೆ ಎಲ್ಲಿ?

ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಮುನಿಶಾಮಿಯ ಶತಮಾನಗಳಲ್ಲೂ ಅದಿರಲಿಲ್ಲ.
ಎಂಜಿನ್ ಆರಿಸಿದೆ. ಲೈಟೂ.
ಇಲ್ಲೇ ಎಲ್ಲೋ, ಅಂದೆ.

ಅವಳು ಇಳಿದಳು. ಕುಕ್ಕರುಗಾಲಲ್ಲಿ ಕೂತು
ಕತ್ತಲಲ್ಲೇ ನೆಲ ಸವರಿದಳು.
ಒಂದು ಬೋಕಿ ಬಿಲ್ಲೆ ಸಿಕ್ಕಿತು,
ಹೆಬ್ಬೆರಳಲ್ಲಿ ಒತ್ತಿ ನೋಡಿ, ಸೆಕೆಂಡ್ಸು, ಎಂದು ಎಸೆದಳು.
ಇನ್ನೊಂದನ್ನು ಬಹಳ ಹೊತ್ತು ಹಿಡಿದಿದ್ದಳು.
ಯಾವ ಕಾಲದ್ದೋ, ಮೊನ್ನೆ ಒಡೆದ ಗಡಿಗೆಯದೋ.
ಫಸ್ಟು, ಅಂದಳು. ಗಂಟು ಹಾಕಿಕೊಂಡಳು.

ಪೋದಾಮಾ? ನಮ್ಮ ಮಂಡಿ ತೋರ್ಸಲ್ವಾ?
ಅದು ಲಿಸ್ಟಲ್ಲಿಲ್ಲಮ್ಮ.
ಇಲ್ದಿದ್ರೆ ಸೇರಿಸ್ಕೊ, ನಡಿ.

ಮಂಡಿಯಲ್ಲಿ ಅವಳು ಮುಂದೆ, ನಾನು ಹಿಂದೆ.
ಇದು ನಾಗಪುರದ ಲಾರಿ. ಇದು ದಿಲ್ಲಿದು,
ಡ್ರೈವರು ಹಣ್ಣಿಗಿಂತ ಮೊದಲು ಬಾಡಿರ್ತಾನೆ.
ಇಲ್ಲಿ ನಿಂತು ರೇಟು ಕೂಗ್ತಾರೆ,
ಇಲ್ಲಿ ಕೂಗಿದ್ದಕ್ಕೆ ಅಲ್ಲೆಲ್ಲೋ ಸಾರು ನೀರಾಗುತ್ತೆ.
ಕ್ರೇಟುಗಳು ಗೋಪುರದ ಹಾಗೆ ಎದ್ದಿದ್ದವು,
ಅಷ್ಟೇ ಎತ್ತರ, ಬೆಳಗಾಗುವುದರೊಳಗೆ ಇರುವುದಿಲ್ಲ.
ಹಮಾಲರು ಅವಳಿಗೆ ದಾರಿ ಬಿಟ್ಟರು.

ಟೀ ಅಂಗಡಿಯಲ್ಲಿ ಲೋಟ ಕೆಳಗಿಟ್ಟು
ಕೈ ಚಾಚಿದಳು.
ಅರ್ಧ ಊರು ನಾನು ತೋರ್ಸಿದೆ,
ಮೂವತ್ತು ವಾಪಸ್ ಕೊಡು.

ಎಣಿಸಿ ಕೊಟ್ಟೆ.
ಬೋರ್ಡಲ್ಲಿ ಬರೆದಿದೆಯಲ್ಲ.