ಕ್ರಮ ಸಂಖ್ಯೆ ನಾನೂರ ಹದಿನೇಳು

ರಂಗೀನ್ ಮಹಲಿನ ಹಿಂದೆ ತೋಡಿದ ಕುಣಿಯಲ್ಲಿ
ಘಾಳೆಮ್ಮನ ಬುಟ್ಟಿಗೆ ಬಿದ್ದದ್ದು
ಅಂಗೈಯಷ್ಟು ಚೀನಿ ಬಟ್ಟಲಿನ ಚೂರು.
ಬೀದರಿನ ಕೆಂಪು ಮಣ್ಣು ತೊಳೆದರೆ
ಒಳಗೊಬ್ಬ ನೀಲಿ ಮನುಷ್ಯ.

ಟೋಪಿಗೆ ಎರಡು ರೆಕ್ಕೆ, ಒಂದು ಮುರಿದಿದೆ.
ಅರ್ಧ ಗಡ್ಡ. ತೋಳೊಳಗೆ ತೋಳು ಸೇರಿಸಿ
ಯಾರಿಗೋ ಬಗ್ಗಿದ್ದಾನೆ;
ಆ ಯಾರೋ
ಬಟ್ಟಲಿನ ಇನ್ನೊಂದು ಚೂರಿನಲ್ಲಿ ಉಳಿದುಬಿಟ್ಟ.

"ಯಾರ್ರಿ ಇಂವ?"
"ಆಫೀಸರ" ಅಂದೆ.
"ಹೌದ್ ಬಿಡ್ರಿ, ಬಗ್ಗಿದ್ದು ನೋಡಿದ್ರನ ತಿಳೀತದ."

ನಾನು ಝರೆಪ್ಪ, ದ್ವಿತೀಯ ದರ್ಜೆ, ದಾಖಲೆ ಬರೆಯುವವ.
ಸಂಖ್ಯೆ, ಜಾಗ, ಆಳ, ಅಳತೆ, ಬಣ್ಣ, ಷರಾ.
ಷರಾ ಖಾಲಿ ಬಿಡಬೇಕೆಂಬುದು ಬಾಯಿಮಾತಿನ ಆದೇಶ.

ಇವನ ಕತೆ ಮಾತ್ರ ಬರೆಯದೆಯೂ ಗೊತ್ತು.
ಮೂರು ಸಲ ಪರೀಕ್ಷೆಯಲ್ಲಿ ಬಿದ್ದಿರಬೇಕು,
ನಾಲ್ಕನೆಯದಕ್ಕೆ ತಾಯಿ
ರೇಷ್ಮೆಗೂಡು ಮಾರಿ ಮಸಿ ಕೊಡಿಸಿರಬೇಕು.
ನನ್ನವ್ವ ಮಾರಿದ್ದು ಎಮ್ಮೆ,
ಭಾಲ್ಕಿ ಸಂತೆಯಲ್ಲಿ, ಕರು ಸಮೇತ.

ಗೋಡೆಯ ಮೇಲೆ ಹೆಸರು ಹತ್ತಿದ ದಿನ
ಊರಿಗೂರೇ ಅವನ ಮನೆಯ ದಾರಿ ಕಲಿಯಿತು.
ಆಮೇಲೆ ಟೋಪಿ. ಆಮೇಲೆ ಬೆನ್ನು.
ಹದಿನೈದು ವರ್ಷ ಬರೀ ಬೆನ್ನು.
ಬೆಳಗಿನ ದರ್ಬಾರಿನಲ್ಲಿ ಅವನದು ಎಷ್ಟು ಹಿಂದಿನ ಸಾಲೆಂದರೆ
ಮುಂದಿನವನ ಹಿಮ್ಮಡಿಯೇ ಅವನು ಕಂಡ ಚಕ್ರವರ್ತಿ.

ಒಮ್ಮೆ ಷರಾ ಬರೆದ:
ಲೆಕ್ಕದಲ್ಲಿ ಸಾವಿರ ಗುದ್ದಲಿ ಇವೆ,
ನೆಲದ ಮೇಲೆ ಕಾಲುವೆ ಇಲ್ಲ.
ಅಷ್ಟೇ.
ದಕ್ಷಿಣಕ್ಕೆ, ಜ್ವರದ ಸೀಮೆಗೆ, ಉಪ್ಪು ತೂಗಲು ಹೋದ.

ನಾನು ಬರೆದದ್ದು ಇನ್ನೂ ಸಣ್ಣದು,
ಬುರುಜಿನ ದುರಸ್ತಿಗೆಂದು ಬಂದ ಸುಣ್ಣದ ಬಗ್ಗೆ ಒಂದೂವರೆ ಸಾಲು.
ಔರಾದಿನಲ್ಲಿ ಮೂರು ವರ್ಷ, ಕಮಲನಗರದಲ್ಲಿ ಎರಡು.
ತಿರುಗಿ ಬಂದಾಗ ನನ್ನ ಕುರ್ಚಿಯಲ್ಲಿ
ಬೇರೆ ಯಾರದೋ ಮೈಯ ಕುಳಿ.

ಅವನನ್ನು ಮರಳಿ ಕರೆಸಿದರೋ ಇಲ್ಲವೋ,
ಅದೂ ಆ ಇನ್ನೊಂದು ಚೂರಿನಲ್ಲಿದೆ.
ಕುಂಬಾರನೊಬ್ಬ ಅವನನ್ನು ಬಟ್ಟಲಿಗೆ ಬರೆದ,
ಹಡಗು, ಒಂಟೆ, ಗಾಡಿ ದಾಟಿ ಈ ಕೋಟೆಗೆ ಬಂದ;
ಸುಲ್ತಾನರ ಪಂಕ್ತಿಯಲ್ಲಿ
ಅನ್ನದ ಕೆಳಗೆ, ಸಾರಿನ ಕೆಳಗೆ
ಉಂಡವರಿಗೆಲ್ಲ ಬಗ್ಗುತ್ತಲೇ ಇದ್ದ.

ಐದಾಯಿತು. ಹಾಜರಿಗೆ ಹೆಬ್ಬೆಟ್ಟೊತ್ತಲು
ಹೆಂಗಸರು ಸಾಲುಗಟ್ಟಿದ್ದಾರೆ.
ಹತ್ತಿಯೊಳಗೆ ಇಡುವಾಗ
ಚೂರನ್ನು ಕೊಂಚ ತಿರುಗಿಸಿದೆ.
ಬಗ್ಗಿದವ ನೆಟ್ಟಗಾದ.
ಅವನ ಕಾಲಡಿಯ ನೆಲ ಓರೆಯಾಯಿತು.

"ಹಂಗೇ ಇರ್ಲಿರಿ," ಅಂದಳು ಘಾಳೆಮ್ಮ,
ಹೆಬ್ಬೆಟ್ಟಿನ ಮಸಿ ಸೆರಗಿಗೆ ಒರೆಸುತ್ತ.

ಷರಾದಲ್ಲಿ, ಪೆನ್ಸಿಲ್ಲಿನಿಂದ, ಬರೆದೆ:
ಹೀಗೆಯೇ ಇಡತಕ್ಕದ್ದು.