ಮರಳಿನ ಚೀಲದ ಬದಲಿ

ಜುಹೂದಾಗ ಬೆಳಗಾಗೋದು ಉಪ್ಪಿನಿಂದ.
ರಾತ್ರಿಯೆಲ್ಲ ಕಡಲು ನೆಕ್ಕಿದ ತಂತಿಗಳ ಮ್ಯಾಲ
ಎಣ್ಣಿ ಅರಿವಿ ಎಳೀತೀನಿ, ಒಂದೊಂದು ಮಿಡಿದು ನೋಡತೀನಿ.
ಸಡಿಲಿದ್ದರ ಅದ ಹೇಳತೈತಿ.

ಗುಳೇದಗುಡ್ಡದಾಗ ಅಪ್ಪ ಖಣ ನೇಯತಿದ್ದ.
ನಾನು ಇಲ್ಲಿ ರೆಕ್ಕಿ ಹೊಲೀತೀನಿ:
ನಾರಬಟ್ಟಿ, ಮೇಣ ತಿಕ್ಕಿದ ದಾರ, ಗೇಣಿಗೆರಡು ಗಂಟು,
ಮ್ಯಾಲ ಮೂರು ಸಲ ವಾರ್ನಿಶ್.
ಅದರ ವಾಸನಿ ಕೊಳೆತ ಬಾಳೆಹಣ್ಣಿಂದು,
ಅನ್ನದಾಗೂ ಬರತೈತಿ, ಊರಿಗೆ ಬರದ ಕಾಗದದಾಗೂ.

ಫುರ್ಟಾಡೋ ಪಂಖಾ ತಿರುವತಾನ.
ಎಂಜಿನ್ನು ಕೆಮ್ಮತೈತಿ, ಉಗುಳತೈತಿ, ಮೂರನೇ ಸಲಕ್ಕ ಒಪ್ಪತೈತಿ.
ಹಾರೋರು ಸಾಹೇಬರು.
ನಾವು ಹಣಿಗೆ ಕೈ ಹಚ್ಚಿ ಎಣಿಸೋರು:
ಹೋದವು ಮೂರು, ಬಂದವು ಎರಡು...
ಹಾಂ, ಅಲ್ಲೈತಿ ನೋಡು.
ಆಮ್ಯಾಲ ಚಹಾ.

ಇವತ್ತು ಹಿಂದಿನ ಸೀಟಿನ ಬಂದೂಕಿನವಗ ಮಲೇರಿಯಾ.
ತೂಕಕ್ಕ ಮರಳಿನ ಚೀಲ ಕಟ್ಟಬೇಕು; ಚೀಲ ಹರಿದಿತ್ತು.
ದೇವಧರ ಸಾಹೇಬ ನನ್ನ ಮ್ಯಾಲಿಂದ ಕೆಳಗ ನೋಡಿ,
"ಅಂದಾಜು ಅಷ್ಟ ಇದ್ದೀ, ಹತ್ತು" ಅಂದ.

ಹತ್ತಿದೆ.
ಬಾಯಾಗಿನ ದೇವರ ಹೆಸರು ಗಾಳಿ ಕಸಗೊಂಡಿತು.
ಕೆಳಗ ತಾಳೆಮರ ಇದ್ದವಂತ, ಉಪ್ಪಿನ ಮಡಿ, ಲೋಕಲ್ ಗಾಡಿ,
ಇದ್ದವಂತ.
ನಾ ನೋಡಿದ್ದು ಎಡಗಡೆ ಕೆಳಗಿನ ರೆಕ್ಕಿ,
ಮಂಗಳವಾರ ನಾನ ಹಚ್ಚಿದ ತೇಪಿ:
ಮಲಗಿದ ಕೂಸಿನ ಹೊಟ್ಟಿ ಹಂಗ
ಏಳತಿತ್ತು, ಇಳೀತಿತ್ತು.

ಇಳಿದ ಕೂಡ್ಲೆ ಫುರ್ಟಾಡೋ:
"ಮುಂಬೈ ಹೆಂಗ ಕಂಡಿತೋ, ಚನಮಲ್ಲ?"
ಏಳನೇ ಪಕ್ಕೆಲುಬಿನ ಹಂತೇಕ ಒಂದು ಗಂಟು
ಬಿಗಿ ಸಾಲದು, ಅಂದೆ.
ಸೂಜಿ ತಗೊಂಡು ಕುಂತೆ.
ಸಂಜಿ ಆತು,
ದಾರ ಇನ್ನೂ ಸೂಜಿಗಣ್ಣಿಗೆ ಹೋಗವಲ್ದು.