ದ್ವಾದಶಿಯ ಇಳಿತ

ಆರೋಪಪಟ್ಟಿಯ ಪ್ರಕಾರ
ರಾತ್ರಿ ಎರಡೂವರೆಗೆ ಹಳೆ ದಕ್ಕೆಗೆ ದೋಣಿಯೊಂದು ಬಂತು,
ಒಂಬತ್ತು ಡ್ರಮ್ಮು ಡೀಸೆಲ್ ಹೇರಿಕೊಂಡು ಹೋಯಿತು.
ಕಾವಲಿನ ನಾವಿಕ ಅನೂಪ್ ತಿರ್ಕಿ
ತನ್ನ ಜಾಗದಲ್ಲಿರಲಿಲ್ಲ.

ಸೋಮವಾರ ಪ್ರಾಥಮಿಕ ವಿಚಾರಣೆ.
ನಾನು ಕಾರವಾರ ಕೋರ್ಟಿನ ಚೆಕ್ ಬೌನ್ಸಿನ ವಕೀಲ,
ಹಿಸ್ಸೆ ತಕರಾರಿನವನು,
ಸಮವಸ್ತ್ರದೆದುರು ಒಮ್ಮೆಯೂ ನಿಂತವನಲ್ಲ.
ಗೇಟಿನಲ್ಲಿ ಮೊಬೈಲು ಇಟ್ಟುಕೊಂಡರು, ಪೆನ್ನು ಬಿಚ್ಚಿ ನೋಡಿದರು,
ಡಬ್ಬಿಯೊಳಗಿನ ಬಂಗಡೆಯನ್ನು ಮಾತ್ರ ನಂಬಿದರು.

ತಿರ್ಕಿ ಗುಮ್ಲಾ ಕಡೆಯ ಗುಡ್ಡದ ಹುಡುಗ. ಇಪ್ಪತ್ತೆರಡು.
ಪ್ರತಿ ಉತ್ತರಕ್ಕೂ ಎದ್ದು ನಿಲ್ಲುತ್ತಾನೆ.
ಅಲ್ಲೇ ಇದ್ದೆಯಾ? ಇದ್ದೆ ಸರ್.
ದಕ್ಕೆಯ ಮೇಲೆ? ಇರಲಿಲ್ಲ ಸರ್.
ಅರ್ಧ ಗಂಟೆ ಇಷ್ಟೇ.
ನಾನು ಫೈಲು ಕಟ್ಟುವಾಗ ಅವನೇ ಕೇಳಿದ:
ಈ ನೀರು ದಿನಾ ಎರಡು ಸಲ ಹೋಗುತ್ತದಲ್ಲ ಸರ್,
ಹೋಗಿ ಎಲ್ಲಿರುತ್ತದೆ?

ಹುಟ್ಟಿದ್ದು ಕೋಡಿಬಾಗದಲ್ಲಿ, ವಯಸ್ಸು ನಲವತ್ತಾರು,
ನನಗೆ ಗೊತ್ತಿರಲಿಲ್ಲ.

ಬೈತಖೋಲದ ಕಚೇರಿಯಲ್ಲಿ ಭರತಿ ಇಳಿತದ ಪುಸ್ತಕ ಕೇಳಿದೆ.
ಗುಮಾಸ್ತ ಎಲೆಯಡಿಕೆ ಉಗುಳಿ ಬಂದು ಬೆರಳಿಟ್ಟ:
ಆ ರಾತ್ರಿ ಇಳಿತದ ತಳ, ಎರಡು ನಲವತ್ತು.
ಹಾಗಾದರೆ ದೋಣಿ ಬಂದದ್ದು
ನೀರಿನ ಮೇಲೋ, ಕೆಸರಿನ ಮೇಲೋ?

ಒಳಗೆ ಅಳೆಯಲು ಅನುಮತಿ ಕೋರಿದ ನನ್ನ ಪತ್ರಕ್ಕೆ
ಒಂದೇ ಪದದ ಉತ್ತರ ಬಂತು: ಸ್ವೀಕೃತ.
ಮುಂದಿನ ಶುಕ್ಲ ದ್ವಾದಶಿಯವರೆಗೆ ಕಾದೆ.
ಬೆತ್ತದ ಕೋಲಿಗೆ ಮಗಳ ನೈಲ್ ಪಾಲಿಶಿನಲ್ಲಿ ಕೆಂಪು ಗೀರೆಳೆದು,
ಪ್ಯಾಂಟು ಮಡಚಿ, ಬೇಲಿಯ ಹೊರಗೆ
ಅದೇ ಬಂಡೆಸಾಲಿನ ಬುಡದಲ್ಲಿ ಇಳಿದೆ.
ಚಂದ್ರ ಸಮುದ್ರದ ಮೇಲೆ ವಾಲಿದ್ದ.
ನೀರು ಮೊಣಕಾಲಿಗೂ ಬರಲಿಲ್ಲ.

"ಎಂತ ಅಳೀತ್ರಿ ಅಷ್ಟೊತ್ತಿಂದ? ಸಮುದ್ರಾನ?"

ಮಂಕಾಳಿ ಹರಿಕಂತ್ರ. ಸೊಂಟಕ್ಕೆ ಬುಟ್ಟಿ, ಕೈಯಲ್ಲಿ ಉಳಿ.
ಬಂಡೆಗೆ ಕಚ್ಚಿದ ಕಲಗ ಎಬ್ಬಿಸುವವಳು.
ಆ ರಾತ್ರಿಯೂ ಬಂದಿದ್ದಳು, ಅತ್ತೆಯ ಏಕಾದಶಿ ಮುಗಿದ ಮಾರನೇ ದಿನ.
ಬೇಲಿ ಬಂಡೆಗೆ ಬಂದು ನಿಲ್ಲುತ್ತದೆ,
ಇಳಿತದಲ್ಲಿ ಅದನ್ನು ಸುತ್ತಿ ಹೋಗಬಹುದು. ಹೋಗಿದ್ದಳು.

"ಅಂವ ನನ್ನ ಕಂಡ. ಸೀಟಿ ಊದ್ತ ಅಂದ್ಕಂಡೆ.
ಊದಲಿಲ್ಲ. ಬೂಟು ಕಳಚಿ ಕಲ್ಲಿನ ಮೇಲಿಟ್ಟು,
ಕಾಲು ನೀರಿಗೆ ಬಿಟ್ಟು, ಅಳ್ತಿದ್ದಿದ್ದ.
ಎಂತಕೆ ಅಂತ ಕೇಳಲಿಲ್ಲ, ಭಾಷೆ ಬರೂದಿಲ್ಲ.
ನಾಕು ಕಲಗ ಒಡೆದು ಕೊಟ್ಟೆ. ತಿಂದ.
ದೋಣಿಯಾ? ಆ ನೀರಲ್ಲಿ? ಬಂದಿದ್ರೆ ಇವತ್ತಿಗೂ ಅಲ್ಲೇ ಇರ್ತಿತ್ತು."

ಮನೆಗೆ ಬಂದು ಹಾಳೆಯ ನಡುವೆ ಗೆರೆ ಎಳೆದೆ,
ಎಡಕ್ಕೆ ನಮಗೆ ಅನುಕೂಲ, ಬಲಕ್ಕೆ ಪ್ರತಿಕೂಲ.
ಮಂಕಾಳಿಯ ಪ್ರತಿ ಮಾತನ್ನೂ ಎರಡೂ ಕಡೆ ಬರೆಯಬೇಕಾಯಿತು.
ಹುಡುಗ ಜಾಗ ಬಿಟ್ಟದ್ದು ನಿಜವಾಗುತ್ತದೆ.
ಅವಳು ಬೇಲಿ ದಾಟಿದ್ದು ನಿಜವಾಗುತ್ತದೆ.
ಅವನ 'ಇದ್ದೆ ಸರ್, ಇರಲಿಲ್ಲ ಸರ್'
ಈಗ ಅರ್ಥವಾಗುತ್ತದೆ. ಬಾಯಿ ಬಿಟ್ಟರೆ
ಕಲಗ ಕೊಟ್ಟವಳ ಹೆಸರು ಬರುತ್ತದೆ.

ಡ್ರಮ್ಮುಗಳು? ಹಗಲೇ ಹೋಗಿರಬೇಕು,
ಲಾರಿಯಲ್ಲಿ, ದೊಡ್ಡ ಗೇಟಿನಿಂದಲೇ, ಸೆಲ್ಯೂಟು ಹೊಡೆಸಿಕೊಂಡು.
ಅದನ್ನು ಬರೆದೆ. ಪುರಾವೆಯಿಲ್ಲ. ಹೊಡೆದು ಹಾಕಿದೆ.

ಶನಿವಾರ ಮೀನುಪೇಟೆಯಲ್ಲಿ ಅವಳನ್ನು ಹುಡುಕಿದೆ.
ಕೇಸು ನಿಮ್ಮ ಮೇಲೂ ಆಗಬಹುದು ಅಂದೆ.
ಮರೆಮಾಚಲಿಲ್ಲ; ಅಷ್ಟು ಮಾತ್ರ ಈ ಕೆಲಸದಲ್ಲಿ ಸರಿಯಾಗಿ ಮಾಡಿದ್ದು.
ಅವಳು ತಕ್ಕಡಿ ಒರೆಸುತ್ತ ಕೇಳಿದಳು:
"ಸಾಕ್ಷಿ ಹೇಳೂಕೆ ಬಂದ್ರೆ ದೊಡ್ಡ ಗೇಟಿಂದಲೇ ಬಿಡ್ತ್ರಾ?
ನಮ್ಮ ಬಾವಿ ಒಳಗೇ ಅದೆ. ಅಪ್ಪ ತೋಡಿದ್ದು.
ಮುಚ್ಚಿದ್ರಾ ಇಲ್ವಾ, ಒಂದ್ಸಲ ನೋಡಿ ಬರೂದಿತ್ತು."

ಸಾಕ್ಷಿಗಳ ಪಟ್ಟಿಯಲ್ಲಿ
ಅವಳ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ.
ಭಾನುವಾರ ರಾತ್ರಿ ಹನ್ನೊಂದೂ ಹತ್ತು.
ಕೋಲು ಬಾಗಿಲ ಮೂಲೆಯಲ್ಲಿ, ಗೀರಿನ ಕೆಳಗೆ ಉಪ್ಪು ಕಟ್ಟಿದೆ.
ಅವರು ಕೇಳಿಯೇ ಕೇಳುತ್ತಾರೆ:
ಆ ತಿಂಗಳ ದ್ವಾದಶಿ, ಈ ತಿಂಗಳ ದ್ವಾದಶಿ
ಎರಡೂ ಒಂದೇ ನೀರೇ, ವಕೀಲರೆ?
ಪೆನ್ಸಿಲಿನ ಮೇಲೆ ಪೆನ್ನು ಇನ್ನೂ ಆಡಿಸಿಲ್ಲ.